ಸಾದ್ರಿಯ ಪೆಟ್ಟು

ಹೆಬ್ಬೆರಳಿನ ಬುಡ ಇನ್ನೂ ಜುಮ್ಮೆನ್ನುತ್ತಿದೆ, ಡೋಲಿಗೆ ಪೆಟ್ಟು ಬಿದ್ದಾಗಿದೆ, ಎರಡು ದಪ್ಪ, ಚೂರು ತಡೆದು ಒಂದು ಸಣ್ಣ — ದುಂ ದುಂ, ಟಕ್ — ಹೊಡೆದದ್ದು ತಾನೇ, ಇಲ್ಲ ಅನ್ನುವ ಹಾಗಿಲ್ಲ, ಆದರೆ ಹೊಡೆಯಬೇಕು ಅಂತ ಮಜ್ಲಾಮ್ ಅಂದುಕೊಂಡಿರಲಿಲ್ಲ, ಕೈ ತಾನಾಗಿ ಎದ್ದಿತು, ತಾನಾಗಿ ಇಳಿಯಿತು, ಒಂದು ಕಾಲು ಸ್ಮಶಾನದ ಗೇಟಿನ ಒಳಗೆ, ಇನ್ನೊಂದು ಆಚೆ, ಹಾಳಾದ ಕೈ, ಇಷ್ಟು ವರ್ಷ ಉಣ್ಣಿಸಿ ಬೆಳೆಸಿದ ಕೈ ಇಂಥ ಹೊತ್ತಲ್ಲೇ ಮೋಸ ಮಾಡಬೇಕಾ. ಮುಂದೆ ಹೋಗುತ್ತಿದ್ದ ಮದುಮಗನ ಕಡೆಯವರು ಯಾರೂ ತಿರುಗಿ ನೋಡಲಿಲ್ಲ, ಹೆಂಗಸರು ಸಮಾಧಿಗಳಿಗೆ ಸುರಿದು ಖಾಲಿಯಾದ ವೈನ್ ಬಾಟಲಿ ಹಿಡಿದು ಮಾತಾಡುತ್ತ ಇಳಿಯುತ್ತಿದ್ದಾರೆ, ಅವರಿಗೆ ಡೋಲಿನ ಸದ್ದು ಅಂದರೆ ಡೋಲಿನ ಸದ್ದು ಅಷ್ಟೆ, ಗೋಡೆಯ ಒಳಗೆ ಬಿದ್ದದ್ದಾ ಹೊರಗೆ ಬಿದ್ದದ್ದಾ ಯಾರು ನೋಡುತ್ತಾರೆ. ಆದರೆ ನೋಡಬೇಕಾದ್ದೇ ಅದನ್ನ. ಒಳಗಿರುವ ತನಕ ಕರೆ ಒಳಗೆ ಮಲಗಿದವರಿಗೆ, ಸಮಾಧಿ ಸಮಾಧಿಯ ಮುಂದೆ ನಿಂತು ಮದುಮಗ ಹೆಸರು ಹಿಡಿದು ಕರೆಯುತ್ತಾನೆ, ಡೋಲು ಹೂಂ ಅನ್ನುತ್ತದೆ, ಮುಗಿಯಿತು; ಗೇಟಿಗೆ ಬಂದ ಕೂಡಲೇ ದಪ್ಪ ಕೋಲು, ಸಣ್ಣ ಕಡ್ಡಿ ಎರಡನ್ನೂ ನಡುಪಟ್ಟಿಗೆ ಸಿಕ್ಕಿಸಿ ಬಾಯಿ ಮುಚ್ಚಿಕೊಂಡು ಇಳಿಯಬೇಕು, ಗೇಟಿನ ಆಚೆ ಒಂದು ಪೆಟ್ಟು ಬಿದ್ದರೂ ಸಾಕು, ಕರೆ ಬೆಟ್ಟ ಇಳಿದು ಎಲ್ಲಿಗೆ ಬೇಕಾದರೂ ಹೋಗುತ್ತದೆ, ಡೋಲು ಹೊತ್ತವನು ಕಲಿಯುವ ಮೊದಲ ಪಾಠ ಇದು, ಕಲಿಸಿದವನು ಅಪ್ಪ ಸಾದ್ರಿ, ಮತ್ತೆ ಈಗ ಬಿದ್ದ ಪೆಟ್ಟೂ ಅಪ್ಪನದೇ, ದುಂ ದುಂ, ಟಕ್, ಈ ಬೆಟ್ಟದಲ್ಲಿ ಇನ್ಯಾರೂ ಹಾಗೆ ಹೊಡೆಯುತ್ತಿರಲಿಲ್ಲ, ಅಪ್ಪ ಮದುವೆಮನೆ ಹೊಸ್ತಿಲಿಗೆ ಬಂದು ನಿಂತು, ಬಂದೆ ಕಣ್ರಪ್ಪಾ ಅನ್ನೋ ಹಾಗೆ ಹೊಡೆಯುತ್ತಿದ್ದ ಪೆಟ್ಟು. ಅಪ್ಪ ಮಲಗಿರುವುದು ಇಲ್ಲಲ್ಲ, ಕೆಳಗೆ ಪಟ್ಟಣದಲ್ಲಿ, ನದಿ ಪಕ್ಕ, ನಮ್ಮವರ ಖಬರಸ್ತಾನದಲ್ಲಿ. ಕರೆ ಹೋದದ್ದು ಅಲ್ಲಿಗೇ.

ಏನಾಗಿತ್ತು ತನಗೆ, ಕ್ಲಿಮೆಯ ದನಿಯೇ ಹಾಳು ಮಾಡಿದ್ದು, ಮದುಮಗ ಕ್ಲಿಮೆ, ಎಳೆ ಹುಡುಗ, ಬಿಳಿ ಉಣ್ಣೆ ಅಂಗಿಯಲ್ಲಿ ಜುಲೈ ಬಿಸಿಲಿಗೆ ಬೆವರುತ್ತ, ಅಜ್ಜನ ಕಲ್ಲಿನ ಮುಂದೆ ನಿಂತು ಒಂದೇ ಉಸಿರಿಗೆ, ತಾತಾ, ಇವತ್ತು ನನ್ನ ಮದುವೆ, ಬಾ ತಾತಾ, ತಿನ್ನು, ಕುಡಿ, ನೀನು ಬರದೇ ಇದ್ರೆ ಕುಣಿತ ಶುರು ಮಾಡಲ್ಲ — ವೆಲ್ಯಾನ್ ತಾತ ಹೋದದ್ದು ಕಳೆದ ಚಳಿಗಾಲ, ಮಣ್ಣು ಇನ್ನೂ ಕೂತಿಲ್ಲ, ಊರಿನ ಕುಣಿತಕ್ಕೆಲ್ಲ ಮುಂದಾಳು ಆತನೇ, ಅವನಿಗೆ ಮೊದಲು ಬಾರಿಸಿದ್ದು ಅಪ್ಪ, ಆಮೇಲೆ ತಾನು. ಬಾರಿಸುತ್ತ ಹೋದ ಮಜ್ಲಾಮ್, ಒಂದೊಂದೇ ಕಲ್ಲು, ಒಂದೊಂದೇ ಹೆಸರು, ಇವಳ ಮದುವೆಗೆ ಅಪ್ಪ ಬಾರಿಸಿದ್ದ, ಇವನ ಮದುವೆಗೂ, ಇವನು ಸೈನ್ಯಕ್ಕೆ ಹೊರಟಾಗ, ಇವಳ ಮಗ ದೂರದೇಶಕ್ಕೆ ಕೂಲಿಗೆ ಹೋಗುವಾಗ ಬೀದಿಯ ತುದಿತನಕ, ಈ ಕಲ್ಲುಗಳ ಕೆಳಗೆ ಅಪ್ಪನ ಡೋಲಿಗೆ ಕುಣಿಯದ ಕಾಲು ಒಂದೂ ಇಲ್ಲ, ಎಲ್ಲರೂ ಇವತ್ತು ಎದ್ದು ಬರುತ್ತಾರೆ, ಕೂರುತ್ತಾರೆ, ಕುಡಿಯುತ್ತಾರೆ, ಕುಣಿಸಿದವನೊಬ್ಬನೇ ಬರುವುದಿಲ್ಲ. ಅವನನ್ನು ಯಾರು ಕರೆಯಬೇಕು. ನಮ್ಮ ಮದುವೆಗಳಲ್ಲಿ ಸತ್ತವರನ್ನು ಕರೆಯುವ ಪದ್ಧತಿ ಇಲ್ಲ, ಮಲಗಲಿ ಬಿಡಿ ಪಾಪ ಅಂತಾರೆ ನಮ್ಮ ಮಸೀದಿಯ ಹೋಜರು. ಇಲ್ಲಿ ಕರೆಯುವುದು ಮದುಮಗನ ಮನೆಯವರು, ತಮ್ಮವರನ್ನ, ಡೋಲಿನವನಿಗೆ ಅಲ್ಲಿ ಏನು ಕೆಲಸ. ಹೀಗೆ ಅಂದುಕೊಳ್ಳುತ್ತಲೇ ಗೇಟಿಗೆ ಬಂದ. ಆಮೇಲೆ ಕೈ.

ಕಲ್ಲುದಾರಿ ಕಡಿದು, ಡೋಲು ತೊಡೆಗೆ ಬಡಿಯುತ್ತಿದೆ, ಪಕ್ಕದಲ್ಲಿ ಕೋಲೂರಿಕೊಂಡು ಯಾರೋ, ದಫೀನಜ್ಜಿ, ವೆಲ್ಯಾನನ ಹೆಂಡತಿ, ಮದುಮಗನ ಅಜ್ಜಿ, ಕರಿ ಬಟ್ಟೆ, ಮುದುಕಿ ಯಾವಾಗ ಹಿಂದೆ ಉಳಿದಳು, ಯಾಕೆ ಉಳಿದಳು, ಅವಳು ಮುಂದೆ ನೋಡುತ್ತಲೇ ಕೇಳಿದಳು, ಯಾರನ್ನ ಕರೆದ್ಯೋ ನೀನು. ಕೈ ಜಾರ್ತು ಅಜ್ಜಿ. ಜಾರಿದ ಕೈಗೆ ಸಾದ್ರಿಯ ಪೆಟ್ಟು ಬೀಳುತ್ತಾ. ಇಲ್ಲ ಅಜ್ಜಿ, ಅದು, ಅಭ್ಯಾಸ. ಸುಳ್ಳು ಬೊಗಳ್ಬೇಡ, ನನ್ನ ಮದುವೇಲಿ ಬಾಗಿಲಲ್ಲಿ ನಿಂತು ಅವನು ಹೊಡೆದಾಗ ಮುಸುಕಿನ ಒಳಗೆ ಬೆಚ್ಚಿಬಿದ್ದಿದ್ದೆ ನಾನು, ನಂಗೆ ಗೊತ್ತಿಲ್ವಾ. ಇನ್ನೇನೋ ಹೇಳುತ್ತಾಳೆ ಅಂತ ಕಾದ, ಬೈಯುತ್ತಾಳೆ, ನಮ್ಮ ಮನೆ ಮದುವೆಗೆ ನಿನ್ನ ಸತ್ತವರನ್ನ ಕರೆಯೋಕೆ ಯಾರೋ ನೀನು ಅನ್ನುತ್ತಾಳೆ, ಅನ್ನಲಿ, ಅಂದರೆ ಒಳ್ಳೆಯದು, ಅಂದರೆ ಕಾಲು ಹಿಡಿಯಬಹುದು. ಅಜ್ಜಿ ತುಟಿ ಬಿಗಿದು ಕೋಲೂರಿಕೊಂಡು ಮುಂದೆ ಹೋದಳು. ಕರೆದರೆ ಮುಗಿಯಲಿಲ್ಲ. ಕರೆಸಿಕೊಂಡವನಿಗೆ ಮದುವೆಮನೆಯವರು ಲೋಟ ಇಡಬೇಕು, ರೊಟ್ಟಿ ಇಡಬೇಕು, ಲೋಟ ಸಿಗದೆ ಬಾಗಿಲಲ್ಲಿ ನಿಂತವನು ಬರಿಗೈಯಲ್ಲಿ ವಾಪಸು ಹೋಗುವುದಿಲ್ಲ, ಕರೆದವನ ಮನೆಯಿಂದಲೇ ಒಂದು ಜೀವ ಎತ್ತಿಕೊಂಡು ಹೋಗುತ್ತಾನೆ, ಪ್ರೀತಿಯಿಂದಲೇ ಎತ್ತಿಕೊಳ್ಳುತ್ತಾನಂತೆ, ಅದು ಇನ್ನೂ ಕೆಟ್ಟದ್ದು. ಅಸಾನ್ ಮಾವ ಒಮ್ಮೆ ಕುಡಿದ ಮತ್ತಲ್ಲಿ ಗೇಟಿನ ಆಚೆ ಬಾರಿಸಿದ್ದ, ವಾರದೊಳಗೆ ಅವನ ಹೇಸರಗತ್ತೆ ಸತ್ತಿತು, ಆ ಕತ್ತೆಗೆ ನಮ್ಮಜ್ಜನಷ್ಟು ವಯಸ್ಸಾಗಿತ್ತು ಕಣೋ ಅಂತ ನಗುತ್ತಾರೆ ಎಲ್ಲರೂ, ತಾನೂ ನಕ್ಕಿದ್ದಾನೆ, ಎಷ್ಟೋ ಸಲ, ನಗುವಾಗ ಮನೆಯಲ್ಲಿ ಹೆರಿಗೆ ನೋವು ತಿನ್ನುವ ಮಗಳು ಇರಲಿಲ್ಲ.

ಸೆವ್ದಿಯೆ. ಮಗಳ ಹೆಸರು ನೆನೆಸಬೇಡ ಈಗ, ನೆನೆಸಿದರೆ ಅಪ್ಪನಿಗೆ ದಾರಿ ತೋರಿಸಿದ ಹಾಗೆ, ಥೂ ಏನು ಯೋಚನೆ, ಅಪ್ಪ ಏನು ಪಿಶಾಚಿಯಾ, ಮೊಮ್ಮಗಳನ್ನು ಡೋಲಿನ ಮೇಲೆ ಕೂರಿಸಿ ಬೆರಳಲ್ಲಿ ಕೆಳಗಿಂದ ತಟ್ಟಿ ನಗಿಸುತ್ತಿದ್ದ ಅಪ್ಪ. ಆದರೂ. ಹೋದ ವರ್ಷದ ಬಸಿರು ನಿಲ್ಲಲಿಲ್ಲ, ಏಳು ತಿಂಗಳಿಗೇ ಹೋಯಿತು, ಅವಳು ಒಂದು ವಾರ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ಇದು ನಿಂತಿದೆ, ಇದು ದಿನ ತುಂಬಿದೆ, ನಸುಕಿನಲ್ಲಿ ಅಳಿಯನ ಫೋನು ಬಂತು, ಮಾವಾ, ಆಸ್ಪತ್ರೆಗೆ ಕರ್ಕೊಂಡು ಬಂದಿದೀವಿ, ನೋವು ಶುರುವಾಗಿದೆ, ಅತ್ತೆ ಜೊತೇಲಿದಾರೆ, ಏನೂ ಯೋಚನೆ ಮಾಡ್ಬೇಡಿ — ಯೋಚನೆ ಮಾಡ್ಬೇಡಿ ಅಂದವನ ದನಿ ನಡುಗುತ್ತಿತ್ತು, ಡಾಕ್ಟ್ರು ಏನಂದ್ರು ಅಂತ ಕೇಳುವುದರೊಳಗೆ ಇಲ್ಲಿಗೆ ಬರುತ್ತಿದ್ದ ಗಾಡಿ ಬೆಟ್ಟದ ತಿರುವು ಹತ್ತಿತು, ಸಿಗ್ನಲ್ ಹೋಯಿತು. ಈ ಊರಲ್ಲಿ ಸಿಗ್ನಲ್ ಸಿಗುವುದು ನಡು ಊರಿನ ಕುಣಿತದ ಬಯಲಲ್ಲಿ ಮಾತ್ರ, ಅಲ್ಲಿಗೆ ಹೋಗುವುದು ಮಧ್ಯಾಹ್ನದ ಮೇಲೆ, ಮದುಮಗಳು ಬಂದ ಮೇಲೆ. ಹೋಗಿ ಒಂದು ಫೋನ್ ಮಾಡಿ ಬರ್ತೀನಿ ಅಂತ ಬೆಳಿಗ್ಗೆಯೇ ಕೇಳಿದ್ದ, ಮದುಮಗನ ಅಪ್ಪ ಸ್ಪಾಸೆ ಹೆಗಲ ಮೇಲೆ ಕೈ ಹಾಕಿ, ಈಗೆಲ್ಲಿಗಪ್ಪಾ ಮಜ್ಲಾಮ್, ನೀನು ಡೋಲು ಕೆಳಗಿಟ್ರೆ ಮದುವೆ ನಿಲ್ಲುತ್ತೆ, ಹೆರಿಗೆ ಹೆಂಗಸರ ಕೆಲಸ, ನೀನು ಅಲ್ಲಿದ್ದು ಏನ್ ಮಾಡ್ತೀಯ, ಅಡ್ಡ ನಿಲ್ತೀಯ ಅಷ್ಟೆ. ಒಳ್ಳೆಯವನೇ ಸ್ಪಾಸೆ, ಚಿಕ್ಕವರಿದ್ದಾಗ ಇಬ್ಬರೂ ಇದೇ ಹಳ್ಳದಲ್ಲಿ ಈಜಿದವರು. ನಡುಪಟ್ಟಿಯ ಮಡಿಕೆಯಲ್ಲಿ ಫೋನು, ಸತ್ತ ಇಲಿಯ ಹಾಗೆ ಬಿದ್ದಿದೆ, ನಡೆಯುತ್ತಲೇ ಮತ್ತೆ ತೆಗೆದು ನೋಡಿದ, ಒಂದು ಗೀಟೂ ಇಲ್ಲ.

ಮದುವೆಮನೆಯ ಅಂಗಳ, ಕುರ್ಚಿ ಹಾಕಿ ಮದುಮಗನನ್ನು ಕೂರಿಸಿದ್ದಾರೆ, ಕ್ಷೌರ ಶುರು, ಬಾರಿಸು, ನಿಧಾನದ್ದು, ಅಳಿಸುವಂಥದ್ದು, ಕುರ್ತೀಶ್ ಪಕ್ಕದಲ್ಲಿ ಕೆನ್ನೆ ಉಬ್ಬಿಸಿ ಓಲಗ ಊದುತ್ತಿದ್ದಾನೆ, ಚಿಕ್ಕಪ್ಪನ ಮಗ ಕುರ್ತೀಶ್, ಊದುವ ಬಾಯಿ ಬಿಡುವಾದ ಕೂಡಲೇ ಕೀಟಲೆ ಶುರು ಮಾಡುವ ಬಾಯಿ, ಏನಣ್ಣಾ, ಮದುಮಗನಿಗಿಂತ ನೀನೇ ಹೆಚ್ಚು ಬೆವರ್ತಿದೀಯಲ್ಲ, ಇವತ್ತು ರಾತ್ರಿ ನಿಂದಾ ಅವಂದಾ. ಸುಮ್ನೆ ಊದೋ. ಊದ್ತೀನಿ, ಆದ್ರೆ ನೀನು ಲಯ ಓಡಿಸ್ತಿದೀಯ, ಹೀಗೆ ಓಡಿಸಿದ್ರೆ ಕ್ಷೌರದವನು ಹುಡುಗನ ಕಿವಿ ಕತ್ತರಿಸ್ತಾನೆ. ಓಡುತ್ತಿದೆಯಾ, ಹೌದು, ಓಡುತ್ತಿದೆ, ಹಿಡಿ, ನಿಧಾನ, ದಪ್ಪ ಕೋಲು ಬಲಕ್ಕೆ, ಕಡ್ಡಿ ಎಡಕ್ಕೆ, ಕ್ಲಿಮೆಯ ಕೆನ್ನೆಯ ಸೋಪಿನ ನೊರೆ, ತಾಯಿ ಮಡಿಲಲ್ಲಿ ಕೂದಲು ಹಿಡಿದು ಅಳುತ್ತಿದ್ದಾಳೆ, ಆಸ್ಪತ್ರೆಯಲ್ಲೂ ಈಗ ಬಿಳಿ ಬಟ್ಟೆ, ಬಿಸಿನೀರು, ಅವಳು ಕೂಗುತ್ತಿರಬಹುದು, ಕೂಗದೆ ಹಲ್ಲು ಕಚ್ಚಿರಬಹುದು, ಅವಳು ಅಂಥವಳು, ಅಜ್ಜನ ಹಾಗೆ, ಥೂ ಮತ್ತೆ ಅಪ್ಪ, ಬಂದಿದ್ದಾನಾ, ದಾರಿ ದೂರವೇನಲ್ಲ ಅವನಿಗೆ, ಡೋಲು ಹೊತ್ತು ನಡೆದುಕೊಂಡೇ ಹತ್ತುತ್ತಿದ್ದ ಬೆಟ್ಟ, ಈಗ ಹೊರೆಯೂ ಇಲ್ಲ. ಬಂದು ಬಾಗಿಲಲ್ಲಿ ನಿಂತಿದ್ದರೆ ಎಲ್ಲಿ ನಿಂತಿರುತ್ತಾನೆ, ಅಲ್ಲೇ, ಕೊಟ್ಟಿಗೆ ಕಡೆ, ವಾದ್ಯದವರ ಮೇಜಿನ ಹತ್ತಿರ, ಒಳಗೆ ಹೋಗುವ ಅಭ್ಯಾಸ ಅವನಿಗಿರಲಿಲ್ಲ.

ಸತ್ತವರ ಲೋಟಗಳು ಇರುವುದು ದೊಡ್ಡ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ, ಅಂಗಳದಿಂದ ಕಾಣುತ್ತದೆ, ಬಿಸಿಲು ಬಿದ್ದು ಹೊಳೆಯುತ್ತಿದೆ, ಸಾಲಾಗಿ ಗಾಜಿನ ಲೋಟ, ಒಂದೊಂದರ ಪಕ್ಕ ಒಂದು ತುಂಡು ರೊಟ್ಟಿ, ಸೊಸೆಯಂದಿರು ಬಾಟಲಿ ಹಿಡಿದು ಬಂದು ಒಂದೊಂದಕ್ಕೂ ರಾಕಿಯಾ ಸಾರಾಯಿ ಸುರಿಯುತ್ತಿದ್ದಾರೆ, ಇದು ವೆಲ್ಯಾನ್ ಮಾವನಿಗೆ, ತುಂಬ ಹಾಕೇ, ಅರ್ಧ ಹಾಕಿದ್ರೆ ಎದ್ದು ಬಂದು ಬೈತಾರೆ, ನಗು, ಕಣ್ಣು ಒರೆಸಿಕೊಳ್ಳುವುದು, ಮತ್ತೆ ನಗು. ಒಂದು ಲೋಟ. ಒಂದೇ ಒಂದು. ಕೇಳಿಬಿಡಲಾ, ಸ್ಪಾಸೆಯನ್ನ, ಏನಂತ ಕೇಳೋದು, ನಮ್ಮಪ್ಪನಿಗೂ ಒಂದು ಲೋಟ ಇಡಯ್ಯಾ ಅಂತಲಾ, ಕೇಳಿ ಪಡೆದದ್ದು ಲೆಕ್ಕಕ್ಕಿಲ್ಲ, ಅದು ಮನೆಯವರ ಮನಸ್ಸಿಗೆ ಬಂದು ಅವರ ಕೈಯಿಂದ ಬರಬೇಕು, ಕದ್ದು ಇಟ್ಟದ್ದಂತೂ ಇನ್ನೂ ಕೆಟ್ಟದ್ದು, ಕದ್ದ ಲೋಟದಲ್ಲಿ ಸತ್ತವನು ಕುಡಿಯಲ್ಲ. ಆದರೂ ಕಾಲು ಹೊಸ್ತಿಲ ತನಕ ಹೋಯಿತು, ಊಟಕ್ಕೆ ಬಿಟ್ಟಾಗ, ಬೆಂಕಿ ಕಡ್ಡಿ ಬೇಕಿತ್ತು ಅನ್ನುವ ನೆಪ ಬಾಯಲ್ಲಿಟ್ಟುಕೊಂಡು ಹೋದ, ಕಿಟಕಿಯ ಹತ್ತಿರ ದಫೀನಜ್ಜಿ ಒಬ್ಬಳೇ ನಿಂತಿದ್ದಾಳೆ, ಲೋಟಗಳನ್ನು ಬೆರಳಿಟ್ಟು ನೋಡುತ್ತ, ಹೆಸರು ಗೊಣಗುತ್ತ, ಸಾಲಿನ ತುದಿಯಲ್ಲಿ ಒಂದು ಹೆಚ್ಚಿನ ಲೋಟ, ಖಾಲಿ, ಅದು ಯಾರಿಗೆ, ಅದು, ಅಜ್ಜಿ ಅವನನ್ನು ನೋಡಿದಳು, ನೋಡಿಯೇ ನೋಡಿದಳು, ಆ ಲೋಟ ಎತ್ತಿದಳು, ಸೆರಗಿನಲ್ಲಿ ಒರೆಸಿದಳು, ಬೋರಲು ಹಾಕಿದಳು. ಏನ್ ಬೇಕೋ. ಏನಿಲ್ಲ ಅಜ್ಜಿ, ಬೆಂಕಿ ಕಡ್ಡಿ. ಒಲೆ ಹತ್ತಿರ ಇದೆ ಹೋಗು.

ಬೋರಲು ಹಾಕಿದಳು. ಬೇರೆ ಅರ್ಥ ಏನಿರುತ್ತೆ ಅದಕ್ಕೆ. ಕೊಟ್ಟಿಗೆ ಪಕ್ಕದ ಮೇಜಿಗೆ ಬಂದು ಕೂತ, ಕುರಿಮಾಂಸ ತಟ್ಟೆಯಲ್ಲಿ ಆರುತ್ತಿದೆ, ಕುರ್ತೀಶ್ ಮೂಳೆ ಚೀಪುತ್ತ, ತಿನ್ನಣ್ಣಾ, ಮೊಮ್ಮಗ ಹುಟ್ಟಿದ್ರೆ ನಿನ್ನ ತಟ್ಟೇಲಿರೋದು ನಂಗೆ ಕೊಡಬೇಕಾಗುತ್ತೆ, ಈಗ್ಲೇ ತಿಂದ್ಕೋ. ಹುಟ್ಟಿದರೆ ಅನ್ನಬೇಡವೋ, ಸತ್ತವನೇ. ಏನಂದೆ. ಏನಿಲ್ಲ. ಬೋರಲು ಲೋಟ, ತಳದ ಉಂಗುರ ಮೇಲೆ, ಬಿಸಿಲಲ್ಲಿ ಉಂಗುರ ಹೊಳೆಯುತ್ತಿತ್ತು, ಉಂಗುರ — ಅಪ್ಪನ ಲೋಟ ಹೀಗೆ ಬೋರಲು ಇರುತ್ತಿರಲಿಲ್ಲ, ತುಂಬಿ ತುಳುಕುವ ಹಾಗೆ ನೀರು, ಹೊಸ ಚರ್ಮ ಬಿಗಿದ ದಿನ ಡೋಲನ್ನು ಅಂಗಳದಲ್ಲಿ ಮಲಗಿಸಿ ಅದರ ಮುಖದ ನಡುವೆ ನೀರಿನ ಲೋಟ ಇಡುತ್ತಿದ್ದ, ಮೊಣಕಾಲೂರಿ ಕೂತು ಡೋಲಿನ ಅಂಚನ್ನು ಒಂದು ಬೆರಳಲ್ಲಿ ತಟ್ಟುವುದು, ಉಸಿರು ಬಿಗಿಹಿಡಿದು ನೋಡುವುದು, ನೀರಿನಲ್ಲಿ ಉಂಗುರ ಏಳುತ್ತದೆ, ಉಂಗುರ ಒಂದು ಕಡೆಗೆ ವಾಲಿದರೆ ಆ ಕಡೆ ಹಗ್ಗ ಸಡಿಲ, ಎಳಿ, ಮತ್ತೆ ತಟ್ಟು, ಮತ್ತೆ ನೋಡು, ಬೆಳಗಿಂದ ಸಂಜೆತನಕ, ಅಮ್ಮ ಒಳಗಿನಿಂದ ಬೈಯುತ್ತಿದ್ದಳು, ನನ್ನನ್ನ ಒಂದು ದಿನ ಹೀಗೆ ನೋಡಿದೀಯಾ ನೀನು, ಕೊನೆಗೆ ಉಂಗುರ ಅಂಚಿನಿಂದ ಹೊರಟು ನೆಟ್ಟಗೆ ನಡುವಿಗೆ ಬಂದು ಕೂಡಿದಾಗ ಅಪ್ಪ ಬೆನ್ನು ನೇರ ಮಾಡಿ, ಆಯ್ತು, ಮನೇಲೆಲ್ಲ ಕ್ಷೇಮ ಅನ್ನುತ್ತಿದ್ದ, ಡೋಲೇ ಒಂದು ಮನೆ ಅನ್ನೋ ಹಾಗೆ, ಆ ಲೋಟದ ನೀರನ್ನು ಗಟಗಟ ಕುಡಿದುಬಿಡುತ್ತಿದ್ದ. ನೀರೇ. ಬದುಕಿದಷ್ಟು ದಿನ ನೀರು, ಇಷ್ಟು ಮದುವೆ ಸುತ್ತಿ ಒಂದು ತೊಟ್ಟು ರಾಕಿಯಾ ಮುಟ್ಟಲಿಲ್ಲ, ಜನ ಬಲವಂತ ಮಾಡುತ್ತಿದ್ದರು, ಸಾದ್ರೀ, ನಮ್ಮನೆ ಸಾರಾಯಿ ಕುಡೀದೇ ಹೋದ್ರೆ ಅವಮಾನ ಕಣೋ, ಅಪ್ಪ ನಗುತ್ತ, ನೀವು ಕುಡಿದು ತಪ್ಪು ಹೆಜ್ಜೆ ಹಾಕ್ತೀರಿ, ನಾನೂ ಕುಡಿದ್ರೆ ನಿಮ್ಮನ್ನ ಸರಿದಾರಿಗೆ ತರೋರು ಯಾರು. ಸತ್ತದ್ದು ಮೂರು ಚಳಿಗಾಲದ ಹಿಂದೆ, ಹಿಮಕ್ಕೆ ದಾರಿ ಮುಚ್ಚಿತ್ತು, ಇಲ್ಲಿಂದ ಒಬ್ಬರೂ ಬರಲಿಲ್ಲ, ಬರಲು ಆಗುತ್ತಿರಲಿಲ್ಲ, ಗೊತ್ತು, ಆದರೆ ವಸಂತದಲ್ಲೂ ಬರಲಿಲ್ಲ, ಮುಂದಿನ ಮದುವೆಗೆ ತಾನು ಡೋಲು ಹೊತ್ತು ಬಂದಾಗ ಅಪ್ಪ ಎಲ್ಲಪ್ಪಾ ಅಂತ ಕೇಳಿದರು, ಹೋದ ಅಂದ, ಛೇ ಅಂದರು, ಒಳ್ಳೇ ಮನುಷ್ಯ ಅಂದರು, ಬಾರಿಸು ಅಂದರು. ಬಾರಿಸಿದ. ಅದು ಇಷ್ಟು ದಿನ ಒಳಗೆ ಮುಳ್ಳಿನ ಹಾಗೆ ಕೂತಿತ್ತು ಅಂತ ಇವತ್ತೇ ಗೊತ್ತಾಗಿದ್ದು. ಸಿಟ್ಟು, ಹೌದು, ಸಿಟ್ಟೇ, ಕೈ ಎದ್ದದ್ದು ಸಿಟ್ಟಿಗೆ, ಆದರೆ ಸಿಟ್ಟಿನ ಬೆಲೆ ಸೆವ್ದಿಯೆ ಯಾಕೆ ತೆರಬೇಕು, ಅಪ್ಪಾ, ವಾಪಸು ಹೋಗು, ಕರೆದದ್ದು ತಪ್ಪಾಯ್ತು, ಹೋಗುವಾಗ ಆಸ್ಪತ್ರೆ ದಾರೀಲಿ ಮಾತ್ರ ಹೋಗಬೇಡ, ನದಿ ಕಡೆ ಹೋಗು.

ಮದುಮಗಳು ಬಂದಳು, ಕುದುರೆ ಮೇಲೆ, ಮುಖದ ಮೇಲೆ ಕೆಂಪು ಮುಸುಕು, ನಾಣ್ಯದ ಸರ ಘಲ್ಲೆನ್ನುತ್ತ, ಬಾರಿಸು, ಇದು ಬೇಗದ್ದು, ಎಲ್ಲರೂ ಬಯಲಿನ ಕಡೆ, ಕೊನೆಗೂ ಬಯಲು, ಸಿಗ್ನಲ್, ಎರಡು ಕೈಯಲ್ಲೂ ಕೋಲು, ಫೋನು ತೆಗೆಯುವುದು ಹೇಗೆ, ನಿಲ್ಲಿಸುವ ಹಾಗಿಲ್ಲ, ಬಯಲ ಸುತ್ತ ಜನ, ಕಲ್ಲುಕಟ್ಟೆಯ ಮೇಲೆ, ಛಾವಣಿಯ ಮೇಲೆ, ಕುಣಿತಕ್ಕೆ ಮುಂಚೆ ಸ್ಪಾಸೆ ಎಲ್ಲರಿಗೂ ಕೂಗಿ ಹೇಳಿದ್ದಾನೆ, ಫೋನುಗಳ ಬಾಯಿ ಮುಚ್ಚಿಸಿ, ನಮ್ಮಪ್ಪ ಇಲ್ಲದ ಮೊದಲ ಕುಣಿತ ಇದು, ಯಾರ ಫೋನಾದ್ರೂ ಹಾಡಿದ್ರೆ ಬಾವಿಗೆ ಎಸೀತೀನಿ, ತನ್ನದನ್ನೂ ಮುಚ್ಚಿದ್ದಾನೆ ಮಜ್ಲಾಮ್, ಬಂದರೆ ಬರೀ ನಡುಗುತ್ತದೆ. ನಡುಗುತ್ತಿಲ್ಲ. ಒಳ್ಳೆಯ ಸುದ್ದಿಯಾದರೆ ಇಷ್ಟು ಹೊತ್ತಿಗೆ ಬರಬೇಕಿತ್ತು, ಕೆಟ್ಟ ಸುದ್ದಿಯಾದರೂ ಬರಬೇಕಿತ್ತು, ಕೆಟ್ಟದ್ದನ್ನು ಹೇಳಲು ಯಾರಿಗೂ ಬಾಯಿ ಬರುತ್ತಿಲ್ಲವೇನೋ. ಗಂಡಸರು ಸಾಲು ಕಟ್ಟಿದರು, ಹೆಗಲಿಗೆ ಹೆಗಲು, ಸ್ಪಾಸೆ ಸಾಲಿನ ತಲೆಯಲ್ಲಿ, ವೆಲ್ಯಾನ್ ನಿಲ್ಲುತ್ತಿದ್ದ ಜಾಗ, ಕಷ್ಟದ್ದು ಅಂತಲೇ ಈ ಕುಣಿತಕ್ಕೆ ಹೆಸರು, ದೂರದೇಶಕ್ಕೆ ಕೂಲಿಗೆ ಹೋಗುವ ಗಂಡಸರು ಮನೆ ಬಿಡುವ ಮುಂಚೆ ಕುಣಿದದ್ದು, ಹೆಜ್ಜೆ ಎತ್ತಿದರೆ ಇಳಿಸಲು ಮನಸ್ಸಿಲ್ಲ, ಇಳಿಸಿದರೆ ಎತ್ತಲು ಮನಸ್ಸಿಲ್ಲ, ಡೋಲು ಅವರ ಕಾಲನ್ನು ನೋಡಿ ಬಾರಿಸಬೇಕು, ಮುಂದಾಳು ಕಾಲೆತ್ತಿ ನಿಂತಷ್ಟು ಹೊತ್ತು ಕೋಲೂ ಗಾಳಿಯಲ್ಲೇ. ಸ್ಪಾಸೆಯ ಕಾಲು ಎದ್ದಿದೆ. ಇಳಿಯುತ್ತಿಲ್ಲ. ದುಂ. ಈಗ ಇಳಿಯಿತು. ಅಣ್ಣಾ, ಕಣ್ಣು ಬಿಟ್ಟು ಬಾರಿಸೋ, ಅಂದ ಕುರ್ತೀಶ್ ತುಟಿಯ ಸಂದಿಯಿಂದ. ಬಿಟ್ಟೇ ಇದೀನಿ, ಅಂದ, ಬಿಟ್ಟ ಕಣ್ಣಿಗೆ ಕಾಣುತ್ತಿದ್ದದ್ದು ಕಿಟಕಿ, ಬಿಸಿಲು, ಬೋರಲು ಲೋಟ.

ಈಗ. ಸ್ಪಾಸೆ ಕರವಸ್ತ್ರ ಒಮ್ಮೆ ಬೀಸಿದ, ಅದು ಗುರುತು, ಡೋಲು ನೆಲಕ್ಕಿಳಿಯಬೇಕು, ಮುಂದಾಳು ಅದರ ಮೇಲೆ ಹತ್ತಿ ಒಂಟಿ ಕಾಲಲ್ಲಿ ನಿಲ್ಲಬೇಕು, ಅಲ್ಲಿ ನಿಂತವನಿಗೆ ಹೋಗುವ ದಾರಿ, ಇರುವ ಮನೆ ಎರಡೂ ಕಾಣುತ್ತವಂತೆ. ಮಜ್ಲಾಮ್ ಮಂಡಿಯೂರಿದ, ಡೋಲನ್ನು ಮಲಗಿಸಿದ, ಎರಡು ತೋಳಲ್ಲಿ ತಬ್ಬಿ ಅಂಚನ್ನು ಹೊಟ್ಟೆಗೆ ಒತ್ತಿ ಹಿಡಿದ, ಅಲುಗಿದರೆ ಮೇಲಿದ್ದವನು ಬೀಳುತ್ತಾನೆ, ಬೀಳುವುದು ಬೇಡ, ಕುರ್ತೀಶ್ ಒಂದೇ ಸ್ವರ ಹಿಡಿದು ನಿಂತ, ಬೇರೆ ಸದ್ದಿಲ್ಲ, ಸ್ಪಾಸೆಯ ಚರ್ಮದ ಮೆಟ್ಟಿನ ತಳ ಮುಖದ ಹತ್ತಿರ ಬಂತು, ತಳಕ್ಕೆ ಅಂಟಿದ ಹುಲ್ಲು, ಮಣ್ಣು, ಈಗ ಇಳಿಯುತ್ತದೆ — ತಡಿ ಸ್ಪಾಸೆ. ಹೆಂಗಸಿನ ದನಿ. ಈ ಕುಣಿತದ ನಡುವೆ ಹೆಂಗಸರು ಬಯಲಿಗೆ ಕಾಲಿಡುವುದಿಲ್ಲ, ಕರಿ ಬಟ್ಟೆ, ಕೋಲು, ದಫೀನಜ್ಜಿ ಬರುತ್ತಿದ್ದಾಳೆ, ಒಂದು ಕೈಯಲ್ಲಿ ಏನೋ ಹಿಡಿದು, ತುಳುಕದ ಹಾಗೆ, ನಿಧಾನ, ಎಷ್ಟು ನಿಧಾನ, ಅಮ್ಮಾ, ಈಗೇನಮ್ಮಾ, ಅಂದ ಸ್ಪಾಸೆ ಎತ್ತಿದ ಕಾಲಲ್ಲೇ, ಕಾಲು ಹಾಗೇ ಇಟ್ಕೋ, ನಿಮ್ಮಪ್ಪ ಇದಕ್ಕಿಂತ ಹೆಚ್ಚು ಹೊತ್ತು ನಿಲ್ತಿದ್ದ, ಅಂದಳು, ಕುರ್ತೀಶನ ಕೆನ್ನೆ ಒಡೆಯುವಷ್ಟು ಉಬ್ಬಿದೆ, ಸ್ವರ ಬಿಟ್ಟಿಲ್ಲ, ಅಜ್ಜಿ ಬಗ್ಗಿದಳು, ಕೀಲು ಲಟಕ್ಕೆಂದಿತು, ಡೋಲಿನ ಮುಖದ ನಡುವೆ ಲೋಟ ಇಟ್ಟಳು, ಪಕ್ಕ ಒಂದು ತುಂಡು ರೊಟ್ಟಿ. ಗಾಜಿನ ಲೋಟ. ನೀರು. ರಾಕಿಯಾ ಅಲ್ಲ, ವಾಸನೆಯೇ ಇಲ್ಲ, ನೀರು. ನೆಟ್ಟಗಿಟ್ರೆ ಸೊಸೆಯಂದಿರು ಇದಕ್ಕೂ ಸುರಿದುಬಿಡ್ತಾರೆ ಅಂತ ಬೋರಲು ಹಾಕಿಟ್ಟಿದ್ದೆ ಕಣೋ, ನಿಮ್ಮಪ್ಪ ಮುಟ್ಟುತ್ತಿರಲಿಲ್ಲವಲ್ಲ, ಅಂದಳು ಅವನ ಕಿವಿಯ ಹತ್ತಿರ, ಬೆಳಗಿನಿಂದ ಮೋರೆ ಹೀಗೆ ಮಾಡ್ಕೊಂಡು ಓಡಾಡ್ತಿದೀಯ, ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು, ಅಲ್ಲ, ನಾವೇ ಕರೀಬೇಕಿತ್ತು, ಮೂರು ವರ್ಷ, ನಾಚಿಕೆಗೇಡು. ಆಮೇಲೆ ಬೆನ್ನು ನೇರ ಮಾಡಿ ಬಯಲಿಗೆಲ್ಲ ಕೇಳುವ ಹಾಗೆ, ಸಾದ್ರೀ, ನಮ್ಮ ಕ್ಲಿಮೆಯ ಮದುವೆ, ಬಾರಪ್ಪಾ, ಕೂತ್ಕೋ, ಕುಡಿ, ಕಿಟಕೀಲಿ ಬೇಡ ನಿಂಗೆ, ನಿನ್ನ ಮೇಜು ಇದೇ.

ಕಣ್ಣು ಮಂಜಾಯಿತು, ಒರೆಸಲು ಕೈ ಇಲ್ಲ, ಎರಡೂ ತೋಳು ಡೋಲಿನ ಸುತ್ತ, ಬಿಟ್ಟರೆ ಲೋಟ ಉರುಳುತ್ತದೆ, ಸ್ಪಾಸೆ ಎತ್ತಿದ ಕಾಲನ್ನು ಹಿಂದಕ್ಕೆ ಇಳಿಸಿದ, ಟೋಪಿ ತೆಗೆದ, ಸಾಲಿನಲ್ಲಿ ಒಬ್ಬೊಬ್ಬರೇ ಟೋಪಿ ತೆಗೆದರು, ಕುರ್ತೀಶನ ಸ್ವರ ಸಣ್ಣಗಾಗಿ ನಿಂತಿತು, ಲೋಟದ ನೀರು ಕಣ್ಣೆದುರೇ, ಒಂದು ಗೇಣು ದೂರ, ನೀರಲ್ಲಿ ಆಕಾಶ, ಅಲುಗದ ಆಕಾಶ, ಆಗ ಹೊಟ್ಟೆಯ ಹತ್ತಿರ, ನಡುಪಟ್ಟಿಯ ಮಡಿಕೆಯಲ್ಲಿ, ಡೋಲಿನ ಅಂಚಿಗೆ ಒತ್ತಿಕೊಂಡು, ಫೋನು ನಡುಗಿತು. ಅಳಿಯ. ಅಥವಾ ಅವಳ ಅಮ್ಮ. ತೆಗೆಯಲು ಆಗುವುದಿಲ್ಲ, ಅಲುಗಲೂ ಆಗುವುದಿಲ್ಲ, ನೀರಿನಲ್ಲಿ ಉಂಗುರ ಎದ್ದಿತು, ಯಾರೂ ಹೊಡೆಯದ ಡೋಲಿನ ಮೇಲೆ, ದಫೀನಜ್ಜಿ ನೋಡಿದಳು, ಶಿಲುಬೆ ಗುರುತು ಹಾಕಿಕೊಂಡಳು, ಬಂದ, ಅಂದಳು, ಬಂದ ಕಣ್ರೋ, ಅಲ್ಲಜ್ಜಿ ಅದು ಫೋನು, ಅನ್ನಬೇಕು, ಬಾಯಿ ಬರಲಿಲ್ಲ, ಫೋನು ನಡುಗುತ್ತಲೇ ಇದೆ, ಹಲೋ ಅನ್ನುವವರಿಲ್ಲದೆ, ಯಾರೋ ಅಲ್ಲಿ ಕಿವಿಗಿಟ್ಟುಕೊಂಡು ಕಾಯುತ್ತಿದ್ದಾರೆ, ನಗುತ್ತಿದ್ದಾರಾ ಅಳುತ್ತಿದ್ದಾರಾ, ಅಪ್ಪಾ, ನೀರು, ಮನೇಲೆಲ್ಲ ಕ್ಷೇಮವಾ, ಉಂಗುರ ವಾಲುತ್ತದಾ, ಯಾವ ಕಡೆಗೆ, ಮೊಣಕಾಲೂರಿ ಉಸಿರು ಬಿಗಿಹಿಡಿದು ನೋಡಿದ, ಲೋಟದ ಅಂಚಿನಿಂದ ಹೊರಟಿತು ಒಂದು ಉಂಗುರ, ಸಣ್ಣಗೆ, ದುಂಡಗೆ, ನೆಟ್ಟಗೆ ನಡುವಿಗೆ ಬಂದು 
ಕೂಡಿತು, ಅದರ ಹಿಂದೆ ಇನ್ನೊಂದು, ಅಂಚಿನಿಂದ ನಡುವಿಗೆ, ಮತ್ತೊಂದು, ಅಂಚಿನಿಂದ ನಡುವಿಗೆ.